ಖುಬ್ಬೂಸಿನ ಋಣ



ಅಲ್ಲಾಹನ ಅನುಗ್ರಹದಿಂದ ರಮಳಾನ್ ನಮ್ಮ ಮುಂದಿದೆ. ಇಲ್ಲಿ ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ಸಂಜೆಯಾದರೆ ಮಸೀದಿಯ ಅಂಗಳದಲ್ಲಿ ಸುಪ್ರ ಹಾಸುತ್ತಾರೆ. ಸುತ್ತಲಿನ ವಿಲ್ಲಾಗಳ ಡ್ರೈವರುಗಳು, ಅಡುಗೆಯವರು, ಅಂಗಡಿಯ ಹುಡುಗರು, ನಮ್ಮಂಥ ಆಫೀಸಿನವರು ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತೇವೆ. ಮೊನ್ನೆ ನಮ್ಮ ಪಕ್ಕ ಕುಳಿತದ್ದು ಸುಡಾನಿನ ಒಬ್ಬ ಸಹೋದರ. ನಮ್ಮ ಹಾಗೆ ಲೆಕ್ಕಪತ್ರದ ಕೆಲಸ. ಬಾಂಗ್ ಆಗಲು ಇನ್ನೂ ಐದು ನಿಮಿಷ ಇತ್ತು. ಮನೆ ಎಲ್ಲಿ ಅಂತ ಕೇಳಿದೆವು. "ಓಮ್ದುರ್ಮಾನಿನಲ್ಲಿ ಇತ್ತು" ಅಂದರು. ಇದೆ ಅನ್ನಲಿಲ್ಲ, ಇತ್ತು ಅಂದರು. ಅವರ ತಾಯಿ ಮತ್ತು ತಂಗಿ ಈಗ ಪೋರ್ಟ್ ಸುಡಾನಿನಲ್ಲಿ ಇದ್ದಾರಂತೆ. ಮನೆಯ ಬೀಗದ ಕೈ ಮಾತ್ರ ತಾಯಿಯ ಬಳಿ ಇದೆಯಂತೆ. ಮುಂದೆ ಏನು ಕೇಳುವುದೆಂದು ನಮಗೆ ತಿಳಿಯಲಿಲ್ಲ.

ಸುಡಾನಿನ ಯುದ್ಧ ಶುರುವಾದದ್ದು 2023ರ ಏಪ್ರಿಲ್ 15ರಂದು. ಅಂದು ಆ ವರ್ಷದ ರಮಳಾನಿನ 24ನೇ ಉಪವಾಸ. ಕೊನೆಯ ಹತ್ತರ ರಾತ್ರಿಗಳಲ್ಲಿ ಮಸೀದಿಯಲ್ಲಿರಬೇಕಾದ ಜನ ಗುಂಡಿನ ಸದ್ದಿಗೆ ಮಕ್ಕಳನ್ನು ಎತ್ತಿಕೊಂಡು ಓಡಿದರು. 2024ರ ಮಾರ್ಚ್ ಹೊತ್ತಿಗೇ 80 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಮನೆ ಬಿಟ್ಟಿದ್ದರು. ಯುದ್ಧಕ್ಕೆ ಮುಂಚೆ ಗಾಝಾದಲ್ಲಿ ಇದ್ದುದೇ ಸುಮಾರು 23 ಲಕ್ಷ ಜನ. 2024ರ ಆರಂಭದಲ್ಲಿ ಅವರಲ್ಲಿ ಹೆಚ್ಚಿನವರು ಮನೆ ಕಳೆದುಕೊಂಡು, ಹತ್ತು ಲಕ್ಷಕ್ಕೂ ಮಿಕ್ಕಿ ಜನ ರಫಾ ಎಂಬ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕುಳಿತಿದ್ದರು. ಅವರಿಗೆ ಸಹರಿಯೂ ಇರಲಿಲ್ಲ, ಇಫ್ತಾರೂ ಇರಲಿಲ್ಲ. ಸಿಕ್ಕಿದಾಗ ತಿನ್ನುವುದು, ಅಷ್ಟೇ.

ಇದೆಲ್ಲ ಯಾರದೋ ಕಥೆ, ನಾವು ಹೊಟ್ಟೆಪಾಡಿಗೆ ಬಂದವರು ಎಂದು ಕೆಲವರಿಗೆ ಅನಿಸಬಹುದು. ಅಂಥವರಿಗೆ ನಮ್ಮದೇ ಕಥೆಯೊಂದನ್ನು ನೆನಪಿಸಬೇಕು.

1990ರ ಆಗಸ್ಟ್ 2. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ಭಾರತೀಯರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಕೈಯಲ್ಲಿದ್ದ ಕುವೈತ್ ದಿನಾರ್ ಬರೀ ಕಾಗದವಾಯಿತು. ಇಪ್ಪತ್ತು ವರ್ಷ ದುಡಿದವನೂ, ತಿಂಗಳ ಹಿಂದೆ ಬಂದಿಳಿದವನೂ ಒಂದೇ ಬಸ್ಸಿನಲ್ಲಿ ಬಸ್ರಾ, ಬಗ್ದಾದ್ ದಾಟಿ ಜೋರ್ಡಾನ್ ಗಡಿಗೆ ಬಂದರು. ರುವೈಶಿದ್ ಬಳಿಯ ಆ ಮರಳುಗಾಡಿನಲ್ಲಿ ಡೇರೆಗಳು, ನೀರಿನ ಟ್ಯಾಂಕರಿನ ಮುಂದೆ ಉದ್ದ ಸಾಲು, ಹಗಲು ಸುಡುವ ಬಿಸಿಲು, ರಾತ್ರಿ ಚಳಿ. ಊರಿನಲ್ಲಿ ಉಮ್ಮಂದಿರು ಪತ್ರವೂ ಇಲ್ಲದೆ, ಫೋನೂ ಇಲ್ಲದೆ, ರೇಡಿಯೋದ ವಾರ್ತೆಗೆ ಕಿವಿ ಕೊಟ್ಟು ಕೂತಿದ್ದರು. ನಾವು ಆಗ ಶಾಲೆಗೆ ಹೋಗುವ ಹುಡುಗರು. ನಮಾಝಿನ ನಂತರ ಮಸೀದಿಯಲ್ಲಿ ಕುವೈತಿನಲ್ಲಿರುವವರಿಗೆ ಅಂತ ದುಆ ಮಾಡುತ್ತಿದ್ದದ್ದು ಇನ್ನೂ ನೆನಪಿದೆ.

ಆ ಗಡಿಯಿಂದ ಬಂದ ಹಿರಿಯರೊಬ್ಬರನ್ನು ನಾವು ಒಮ್ಮೆ ಕೇಳಿದ್ದೆವು: "ಕಾಕಾ, ಅಲ್ಲಿ ಏನು ತಿಂದಿರಿ?" ಅವರು ಹೇಳಿದ್ದು ಇಷ್ಟೇ: "ಯಾರೋ ಖುಬ್ಬೂಸ್ ತಂದು ಕೊಟ್ಟರು ಮೋನೆ. ಹೆಸರೂ ಕೇಳಲಿಲ್ಲ."

ಜೋರ್ಡಾನ್ ಶ್ರೀಮಂತ ದೇಶವಲ್ಲ. ಆದರೂ ಲಕ್ಷಗಟ್ಟಲೆ ಪರದೇಶಿಗಳು ಆ ದಾರಿಯಲ್ಲಿ ಹಾದುಹೋಗುವಾಗ ಅಲ್ಲಿನ ಜನ ರೊಟ್ಟಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ ಐನೂರರಷ್ಟು ಹಾರಾಟ ನಡೆಸಿ ಅಮ್ಮಾನಿನಿಂದ ನಮ್ಮವರನ್ನು ಕರೆತಂದಿತು. ಒಟ್ಟು ಒಂದು ಲಕ್ಷದ ಎಪ್ಪತ್ತು ಸಾವಿರದಷ್ಟು ಭಾರತೀಯರು ಜೀವ ಉಳಿಸಿಕೊಂಡು ಊರು ಸೇರಿದರು. ವರ್ಷಗಳ ಮೇಲೆ ವಿಶ್ವಸಂಸ್ಥೆಯ ಆಯೋಗದಿಂದ ಪರಿಹಾರದ ಹಣವೂ ಬಂತು.

ನಮ್ಮವರಿಗೂ ಗಾಝಾದವರಿಗೂ ಇರುವ ವ್ಯತ್ಯಾಸ ಇಲ್ಲಿದೆ. ನಮ್ಮವರ ಜೇಬಿನಲ್ಲಿ ಒಂದು ನೀಲಿ ಪಾಸ್‌ಪೋರ್ಟ್ ಇತ್ತು, ಕರೆತರಲು ವಿಮಾನ ಇತ್ತು, ಹೆಂಚಿನದ್ದೋ ಮುಳಿಹುಲ್ಲಿನದ್ದೋ ಒಂದು ಮನೆ ಊರಿನಲ್ಲಿ ಕಾಯುತ್ತಿತ್ತು. ಗಾಝಾದ ಡೇರೆಯಲ್ಲಿರುವವನಿಗೆ ಹೋಗಲು ಜಾಗವೇ ಇಲ್ಲ. ಸಂಬಳದ ಹಣ ಊರಿಗೆ ಕಳಿಸಿದ ದಿನ ನಮಗೆ ನಿದ್ದೆ ಬರುತ್ತದಲ್ಲ, ಅದು ಊರು ಎಂಬುದೊಂದು ಇದೆ ಎಂಬ ಧೈರ್ಯದ ನಿದ್ದೆ.

ಆದ್ದರಿಂದ ರುವೈಶಿದ್‌ನ ಖುಬ್ಬೂಸ್ ನಮ್ಮ ಖಾತೆಯಲ್ಲಿ ಇನ್ನೂ ಬಾಕಿ ಇದೆ ಎಂದು ನಾವು ಭಾವಿಸುತ್ತೇವೆ. ಕೊಟ್ಟವರಿಗೆ ಹಿಂದಿರುಗಿಸಲು ಆಗದು. ಹಾಗೆಯೇ ಸಾಲಿನಲ್ಲಿ ನಿಂತಿರುವ ಇನ್ನೊಬ್ಬರಿಗೆ ಕೊಡಬಹುದು. ಹೇಗೆ ಕೊಡುವುದು ಎಂಬುದರ ಬಗ್ಗೆ ಲೆಕ್ಕದವರಾಗಿ ನಾಲ್ಕು ಮಾತು.

ಮೊದಲನೆಯದು, ಝಕಾತ್ ಬೇರೆ, ಸ್ವದಖ ಬೇರೆ. 595 ಗ್ರಾಂ ಬೆಳ್ಳಿಯ ಬೆಲೆಯಷ್ಟು ಹಣ ಒಂದು ವರ್ಷ ನಮ್ಮಲ್ಲಿ ಉಳಿದಿದ್ದರೆ ಅದರ ಎರಡೂವರೆ ಶೇಕಡಾ ಝಕಾತ್ ಎಂದು ನಮ್ಮ ಉಸ್ತಾದರು ಹೇಳಿಕೊಡುತ್ತಾರೆ. ಸಾವಿರ ರಿಯಾಲಿಗೆ 25 ರಿಯಾಲ್. ಝಕಾತನ್ನು ಹಣ ಇರುವ ಊರಿನಲ್ಲೇ ಅರ್ಹರಿಗೆ ಕೊಡಬೇಕೆಂಬುದು ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯ. ಹಾಗಾಗಿ ಅದನ್ನು ಬೇರೆಡೆಗೆ ಕಳಿಸುವ ಮುಂಚೆ ನಿಮ್ಮ ಉಸ್ತಾದರಲ್ಲಿ ಕೇಳಿ. ಸ್ವದಖಕ್ಕೆ ಈ ಯಾವ ಕಟ್ಟೂ ಇಲ್ಲ. ಎಷ್ಟೂ ಕೊಡಬಹುದು, ಎಲ್ಲಿಗೂ ಕೊಡಬಹುದು. ಯುದ್ಧ ಸಂತ್ರಸ್ತರಿಗೆ ಅದೇ ಸುಲಭದ ದಾರಿ.

ಎರಡನೆಯದು, ವಾಟ್ಸಾಪಿನಲ್ಲಿ ಬರುವ ಅಳುವ ಮಗುವಿನ ಫೋಟೋ ಮತ್ತು ಯಾರದೋ ಖಾತೆ ನಂಬರ್ ನಂಬಬೇಡಿ. ಕಳೆದ ವರ್ಷ ಅಂಥದೊಂದು ಧ್ವನಿ ಸಂದೇಶ ಕೇಳಿ ನಾವೂ ಹಣ ಹಾಕಿದ್ದೆವು, ನಾಲ್ಕು ಮಂದಿಗೆ ಕಳಿಸಿಯೂ ಬಿಟ್ಟಿದ್ದೆವು. ಆಮೇಲೆ ವಿಚಾರಿಸಿದರೆ ಆ ನಂಬರಿಗೆ ವಾರಸುದಾರರೇ ಇಲ್ಲ. ದಿನವಿಡೀ ಬೇರೆಯವರ ರಶೀದಿ ಪರಿಶೀಲಿಸುವ ನಾವು ನಮ್ಮ ಹಣಕ್ಕೆ ರಶೀದಿ ಕೇಳಿರಲಿಲ್ಲ. ಜೊತೆಗೆ ನೆನಪಿರಲಿ, ಒಮಾನಿನಲ್ಲಿ ಪರವಾನಗಿ ಇಲ್ಲದೆ ಹಣ ಸಂಗ್ರಹಿಸುವುದು ಅಪರಾಧ. ಒಳ್ಳೆಯ ಉದ್ದೇಶದಿಂದ ರೂಮಿನಲ್ಲಿ ಡಬ್ಬಿ ಇಟ್ಟರೂ ತೊಂದರೆಯೇ. ಒಮಾನ್ ಚಾರಿಟೇಬಲ್ ಆರ್ಗನೈಝೇಶನ್‌ನಂತಹ ಅಧಿಕೃತ ಸಂಸ್ಥೆ ಇಲ್ಲಿದೆ. ಅಲ್ಲಿಗೇ ನೇರವಾಗಿ ಕೊಡಿ, ರಶೀದಿ ಇಟ್ಟುಕೊಳ್ಳಿ.

ಮೂರನೆಯದು, ಸಾಲ ಮಾಡಿ ದಾನ ಬೇಡ. ವೀಸಾದ ಸಾಲ ತೀರಿಸುತ್ತಿರುವ ಹುಡುಗ ತಲೆತಗ್ಗಿಸಬೇಕಾಗಿಲ್ಲ. ದಿನಕ್ಕೆ 100 ಬೈಸ ತೆಗೆದಿಟ್ಟರೆ ತಿಂಗಳಿಗೆ 3 ರಿಯಾಲ್. ಒಂದು ಚಾಯ ಬಿಟ್ಟರೆ ಆಯಿತು. ಅದೂ ಆಗದವನಿಗೆ ದುಆ ಇದೆ.

ನಾಲ್ಕನೆಯದು, ಸಂತ್ರಸ್ತರು ದೂರದ ಡೇರೆಯಲ್ಲಿ ಮಾತ್ರ ಇಲ್ಲ. ನಮ್ಮ ಕಂಪೆನಿಯಲ್ಲಿ, ಕ್ಯಾಂಪಿನಲ್ಲಿ ಸುಡಾನಿ, ಯಮನಿ, ಸಿರಿಯಾದ ಕೆಲಸಗಾರರಿದ್ದಾರೆ. ಒಬ್ಬನ ಸಂಬಳ ಈಗ ಮೂರು ಕುಟುಂಬ ಸಾಕಬೇಕು. ಅವರು ಕೇಳುವುದಿಲ್ಲ. ಕೊಟ್ಟ ಸಾಲ ಇದ್ದರೆ ಈ ತಿಂಗಳು ಕೇಳದಿರುವುದೂ ಸ್ವದಖವೇ. ರೂಮಿಗೆ ಕರೆದು ಒಂದು ದಿನ ನೋಂಬು ತೆರೆಸಿ, ಫೋಟೋ ಮಾತ್ರ ತೆಗೆಯಬೇಡಿ. ಈ ವಿಷಯದಲ್ಲಿ ನಾವು ದುಡಿಯುವ ಈ ನಾಡೂ ಮಾದರಿ. 2016ರ ಅಕ್ಟೋಬರಿನಲ್ಲಿ ಯಮನಿನ ಸನಾದಲ್ಲಿ ಶೋಕಸಭೆಯ ಮೇಲೆ ಬಾಂಬ್ ಬಿದ್ದಾಗ ನೂರಕ್ಕೂ ಹೆಚ್ಚು ಗಾಯಾಳುಗಳನ್ನು ವಿಮಾನದಲ್ಲಿ ಮಸ್ಕತ್‌ಗೆ ಕರೆತಂದು ಚಿಕಿತ್ಸೆ ಕೊಟ್ಟದ್ದು ಒಮಾನ್.

ಇನ್ನು ದುಆ. ಅದನ್ನು ಬಡವನ ಕೊನೆಯ ಪಾಲು ಎಂದು ತಿಳಿಯಬಾರದು. ನೋಂಬು ತೆರೆಯುವ ಹೊತ್ತು ದುಆ ಸ್ವೀಕಾರವಾಗುವ ಹೊತ್ತು. ಆ ಐದು ನಿಮಿಷ ಮೊಬೈಲ್ ಬದಿಗಿಡೋಣ. ಇಂಥ ವಿಪತ್ತಿನ ಕಾಲಕ್ಕೆಂದೇ ನಮ್ಮಲ್ಲಿ ನಾಝಿಲತ್‌ನ ಖುನೂತ್ ಇದೆ. ರಮಳಾನಿನ ಎರಡನೇ ಅರ್ಧದಲ್ಲಿ ವಿತ್ರ್‌ನಲ್ಲೂ ಖುನೂತ್ ಓದುತ್ತೇವೆ. ಆಮೀನ್ ಹೇಳುವಾಗ ನಾಲಿಗೆ ಮಾತ್ರ ಹೇಳದಿರಲಿ. ಊರಿನಲ್ಲಿರುವ ಉಮ್ಮಂದಿರಿಗೆ, ಮನೆಯವರಿಗೆ ಫೋನಿನಲ್ಲಿ ನೆನಪಿಸಿ. 1990ರಲ್ಲಿ ಕಾದು ಕೂತವರ ದುಆಕ್ಕೆ ಬೇರೆಯೇ ತೂಕ ಇದೆ.

ಮೊನ್ನೆ ಬಾಂಗ್ ಆದಾಗ ಆ ಸುಡಾನಿ ಸಹೋದರ ತಮ್ಮ ಮುಂದಿದ್ದ ಖುಬ್ಬೂಸ್ ಮುರಿದು ಮೊದಲ ತುಂಡನ್ನು ನಮಗೇ ಕೊಟ್ಟರು. ಎಲ್ಲ ಕಳೆದುಕೊಂಡ ಮನೆಯ ಮಗ ಕೊಡುತ್ತಿದ್ದಾನೆ, ಎಲ್ಲ ಇರುವ ನಾವು ತೆಗೆದುಕೊಳ್ಳುತ್ತಿದ್ದೇವೆ. ಈ ರಮಳಾನ್ ಮುಗಿಯುವುದರೊಳಗೆ ನಮ್ಮ ಕೈಯೂ ಸ್ವಲ್ಪ ಮುಂದೆ ಚಾಚಲಿ.

ಯಾ ಅಲ್ಲಾಹ್, ಮನೆ ಬಿಟ್ಟವರನ್ನು ಮನೆ ಸೇರಿಸು. ಹಸಿದವರಿಗೆ ಉಣಿಸು. ಮಕ್ಕಳನ್ನು ಕಾಪಾಡು. ನಮ್ಮ ಉಪವಾಸವನ್ನೂ ಅವರ ಸಹನೆಯನ್ನೂ ಸ್ವೀಕರಿಸು. ಆಮೀನ್ ಯಾ ರಬ್ಬಲ್ ಆಲಮೀನ್.