ಯಜಮಾನರನ್ನು ಕಳಿಸಿ

“ಯಜಮಾನರನ್ನು ಕಳಿಸಿ ಅಮ್ಮಾ, ಇದೆಲ್ಲ ನಿಮಗೆ ಗೊತ್ತಾಗೋಲ್ಲ.”

ತುಂಡಾದ ಬ್ಯಾಂಡ್‌ಸಾ ಬ್ಲೇಡನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಿದ್ದಾಗ ನನಗೆ ಸಿಕ್ಕ ಸ್ವಾಗತ ಇದು. ನಮ್ಮ ಯಜಮಾನರ ಬಗ್ಗೆ ಇಲ್ಲೇ ಎರಡು ಮಾತು ಹೇಳಿಬಿಡುತ್ತೇನೆ. ಅವರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಒಂದು ಪೈಸೆ ಹೆಚ್ಚುಕಮ್ಮಿ ಆದದ್ದಿಲ್ಲ. ಆದರೆ ಗೋಡೆಗೊಂದು ಮೊಳೆ ಹೊಡೆಯಿರಿ ಎಂದರೆ ಮೊಳೆಗಿಂತ ಮೊದಲು ಅವರ ಹೆಬ್ಬೆರಳು ಏಟು ತಿನ್ನುತ್ತದೆ. ಅಂಗಡಿಯವನಿಗೆ ಬೇಕಾಗಿದ್ದದ್ದು ಅವರು!

ಈ ಯಂತ್ರ ನನಗೆ ಬಂದದ್ದು ತವರಿನಿಂದ. ಸಾಗರದ ಹತ್ತಿರದ ನಮ್ಮೂರಿನಲ್ಲಿ ಅಪ್ಪಯ್ಯ ಮನೆಯ ಹಿಂದೆ ಶೆಡ್ಡು ಕಟ್ಟಿಕೊಂಡು ಮಣೆ, ಮರದ ಪೆಟ್ಟಿಗೆ ಮಾಡುತ್ತಿದ್ದರು. ಅವರು ಹೋದ ಮೇಲೆ ತಮ್ಮಂದಿರಿಗೆ ತೋಟ ಬೇಕಾಯಿತು, ಯಂತ್ರ ಬೇಡವಾಯಿತು. ಚಿಕ್ಕಂದಿನಲ್ಲಿ ಅಪ್ಪಯ್ಯನ ಕೈಕೆಳಗೆ ಹಲಗೆ ಹಿಡಿದವಳು ನಾನೇ ತಾನೆ? ತಂದು ಹಿತ್ತಿಲಲ್ಲಿ ಇಟ್ಟುಕೊಂಡೆ. ಈಗ ನನ್ನ ಒಡವೆ ಪೆಟ್ಟಿಗೆಗಳಿಗೆ ಊರಲ್ಲಿ ಗಿರಾಕಿಗಳಿದ್ದಾರೆ.

ನೋಡದವರಿಗೆ ಹೇಳುವುದಾದರೆ, ಬ್ಯಾಂಡ್‌ಸಾ ಎಂದರೆ ಮೇಲೊಂದು, ಕೆಳಗೊಂದು ಚಕ್ರ. ಎರಡನ್ನೂ ಸುತ್ತಿಕೊಂಡು ಓಡುವ ಉಕ್ಕಿನ ಪಟ್ಟಿಯ ಒಂದು ದೊಡ್ಡ ಬಳೆ. ಅದರ ಒಂದು ಅಂಚಿಗೆ ಹಲ್ಲು. ದಪ್ಪ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ತಳ್ಳಿದರೆ, ಅಕ್ಕಿರೊಟ್ಟಿಯನ್ನು ಪದರ ಬಿಡಿಸಿದ ಹಾಗೆ ಎರಡು ತೆಳು ಹಲಗೆ ಬರುತ್ತದೆ. ಹೀಗೆ ಸೀಳುವುದೇ ಪೆಟ್ಟಿಗೆ ಕೆಲಸದ ಮೂಲ.

ಆ ದಿನ ಅಂಗಡಿಯವನು ಮರ ಯಾವುದು ಎಂದು ಕೇಳಲಿಲ್ಲ, ಎಷ್ಟು ಅಗಲದ್ದು ಎಂದು ಕೇಳಲಿಲ್ಲ. “ಹಲ್ಲು ಸಣ್ಣದಿದ್ದಷ್ಟೂ ನೈಸಾಗಿ ಬರುತ್ತೆ. ಲೇಡೀಸಿಗೆ ಇದೇ ಸರಿ” ಎಂದು ಕಾಲಿಂಚು ಅಗಲದ, ಇಂಚಿಗೆ ಹತ್ತು ಹಲ್ಲಿನ ಬ್ಲೇಡನ್ನು ಕಟ್ಟಿಕೊಟ್ಟ. ನಾನೂ ಬಾಯಿ ಮುಚ್ಚಿಕೊಂಡು ತಂದೆ. ಇಲ್ಲಿ ತಪ್ಪು ಅವನದೆಷ್ಟೋ ನನ್ನದೂ ಅಷ್ಟೇ.

ಮನೆಯಲ್ಲಿ ಕಾದಿದ್ದದ್ದು ತವರಿನ ಅಂಗಳದ ಹಲಸು. ಮಳೆಗಾಲದ ಗಾಳಿಗೆ ಬಿದ್ದ ಮರ. ಅದರಡಿಯಲ್ಲಿ ನಾವು ಮಕ್ಕಳು ಆಡಿದ್ದೆವು. ಮೂರು ವರ್ಷ ನೆರಳಲ್ಲಿ ಒಣಗಿಸಿ ಉಳಿಸಿಕೊಂಡದ್ದು ಆರು ಇಂಚು ಅಗಲದ ಆರೇ ಹಲಗೆ. ಮಗಳ ಮದುವೆಗೆ ಪೆಟ್ಟಿಗೆ ಮಾಡಬೇಕೆಂದಿದ್ದೆ.

ಮೊದಲನೆಯ ಹಲಗೆ ಅರ್ಧ ಸೀಳುವುದರೊಳಗೆ ಸುಟ್ಟ ವಾಸನೆ. ಕೈ ಸೋತೀತೆಂದು ಇನ್ನಷ್ಟು ಒತ್ತಿದೆ. ಹೊರಬಂದಾಗ ನೋಡಿದರೆ ಒಂದು ತುಂಡಿನ ನಡುವೆ ಹೊಟ್ಟೆ ಬಂದಿದೆ, ಇನ್ನೊಂದರ ನಡುವೆ ಗುಳಿ ಬಿದ್ದಿದೆ, ಮೈತುಂಬ ಕಪ್ಪು ಬರೆ. ನನ್ನ ಕೈಯದೇ ತಪ್ಪು ಎಂದುಕೊಂಡು ಎರಡನೆಯದನ್ನೂ ಹಾಕಿದೆ. ಅದೂ ಹಾಗೆಯೇ ಆಯಿತು. ಹೆಂಗಸರಿಗೆ ಇದು ಅಭ್ಯಾಸ ನೋಡಿ. ಉಪಕರಣ ಕೆಟ್ಟರೂ ಮೊದಲು ನಮ್ಮ ಕೈಯನ್ನೇ ಬೈದುಕೊಳ್ಳುತ್ತೇವೆ.

ಆ ರಾತ್ರಿ ಕೂತು ಯೋಚಿಸಿದೆ. ಇದೇನು ಬ್ರಹ್ಮವಿದ್ಯೆಯೆ? ಅಕ್ಕಿ ಹಿಟ್ಟಿಗೆ ಒಂದು ಜರಡಿ, ಅವಲಕ್ಕಿಗೆ ಒಂದು ಜರಡಿ ಇಡುವವರು ನಾವು. ಹಿಟ್ಟಿನ ಜರಡಿಗೆ ಅವಲಕ್ಕಿ ಸುರಿದು, ಇಳಿಯಲಿಲ್ಲವೆಂದು ಯಾರಾದರೂ ಒತ್ತುತ್ತಾರೆಯೆ? ಗರಗಸದ ಎರಡು ಹಲ್ಲುಗಳ ನಡುವಿನ ಗುಳಿಯ ಕೆಲಸ ಹೊಟ್ಟನ್ನು ಹೊತ್ತು ಹೊರಹಾಕುವುದು. ಆರು ಇಂಚಿನ ಮರದಲ್ಲಿ ಪ್ರತಿಯೊಂದು ಹಲ್ಲೂ ತಾನು ಕೊರೆದ ಹೊಟ್ಟನ್ನು ಆರು ಇಂಚು ದೂರ ಹೊರಬೇಕು. ಇಂಚಿಗೆ ಹತ್ತು ಹಲ್ಲಾದರೆ ಮರದೊಳಗೆ ಒಂದೇ ಸಲಕ್ಕೆ ಅರವತ್ತು ಹಲ್ಲು. ಒಂದೊಂದರ ಗುಳಿಯೂ ಎಳ್ಳು ಕಾಳಿನಷ್ಟು. ಗುಳಿ ತುಂಬಿದ ಮೇಲೆ ಹಲ್ಲು ಕೊಯ್ಯುವುದಿಲ್ಲ, ಬರೀ ತಿಕ್ಕುತ್ತದೆ. ತಿಕ್ಕಿದರೆ ಕಾಯುತ್ತದೆ, ಕಾದ ಪಟ್ಟಿ ಮರದೊಳಗೆ ಬಳುಕುತ್ತದೆ. ಹಲಗೆಗೆ ಹೊಟ್ಟೆ ಬಂದದ್ದು ಹೀಗೆ.

ಸೀಳುವ ಕೆಲಸಕ್ಕೆ ಬೇಕಾದದ್ದು ಇಂಚಿಗೆ ಮೂರು ಹಲ್ಲು. ನೋಡಲು ಬೊಚ್ಚುಬಾಯಿ ಅಜ್ಜಿಯ ಹಾಗಿರುತ್ತದೆ. ಆದರೆ ಆರು ಇಂಚಿನ ಮರದಲ್ಲಿ ಹದಿನೆಂಟೇ ಹಲ್ಲು, ನಡುನಡುವೆ ಬೇಕಾದಷ್ಟು ಜಾಗ. ಹಲ್ಲು ಕೊಕ್ಕೆಯ ಹಾಗೆ ತುಸು ಮುಂದಕ್ಕೆ ಬಾಗಿದ್ದರೆ ಮರವನ್ನು ತಾನೇ ಕಚ್ಚಿಕೊಳ್ಳುತ್ತದೆ. ಕೊಯ್ದ ಮೈ ಸ್ವಲ್ಪ ಒರಟು, ನಿಜ. ನುಣುಪು ಮಾಡಲು ಹತ್ತರಿ ಇಲ್ಲವೆ?

ಇನ್ನು ಅಗಲ. ಕಾಲಿಂಚಿನ ಪಟ್ಟಿ ಇರುವುದು ಬಾಗು ಬಳಕು ಕೊಯ್ಯಲಿಕ್ಕೆ. ನೇರ ಹೋಗು ಎಂದರೆ ಅದು ಕೇಳುವುದಿಲ್ಲ. ಸೀಳಲು ಪಟ್ಟಿ ಅಗಲವಿರಬೇಕು. ಹಾಗೆಂದು ಸಿಕ್ಕಿದ್ದರಲ್ಲೆಲ್ಲ ಅಗಲವಾದದ್ದನ್ನು ತರುವುದೂ ದಡ್ಡತನ. ನನ್ನದರಂಥ 14 ಇಂಚು ಚಕ್ರದ ಯಂತ್ರ ಅರ್ಧ ಇಂಚಿನ ಪಟ್ಟಿಯನ್ನು ಚೆನ್ನಾಗಿ ಬಿಗಿಯಬಲ್ಲದು. ಅದಕ್ಕಿಂತ ಅಗಲವಾದದ್ದು ಹಿಡಿಸಿದರೂ ಸಾಕಷ್ಟು ಬಿಗಿ ಬರುವುದಿಲ್ಲ. ಸಡಿಲ ಪಟ್ಟಿ ಎಷ್ಟು ಅಗಲವಿದ್ದರೂ ಓಲಾಡುತ್ತದೆ. ದಪ್ಪ ಪಟ್ಟಿಯೂ ಬೇಡ. ಸಣ್ಣ ಚಕ್ರವನ್ನು ಸುತ್ತುವಾಗ ಮತ್ತೆ ಮತ್ತೆ ಬಾಗಿ ಬಿರುಕು ಬಿಡುತ್ತದೆ.

ಉದ್ದ ತಿಳಿಯಲು ಹೂ ಕಟ್ಟುವ ದಾರ ಸಾಕು. ಪ್ಲಗ್ ಕಿತ್ತು, ಮೇಲಿನ ಚಕ್ರವನ್ನು ಅದರ ಏರಿಳಿತದ ನಡುವಿಗೆ ತಂದು, ಎರಡೂ ಚಕ್ರಕ್ಕೆ ದಾರ ಸುತ್ತಿ ಅಳೆದೆ. 93½ ಇಂಚು. ಲೆಕ್ಕದಲ್ಲೂ ಅಷ್ಟೇ: ಒಂದು ಚಕ್ರದ ಸುತ್ತಳತೆ 44, ಎರಡು ಚಕ್ರಗಳ ನಡುಬಿಂದುಗಳ ಅಂತರ 24¾, ಅದರ ಎರಡರಷ್ಟು 49½. ರವಿಕೆಯ ಅಳತೆ ತೆಗೆಯುವವರಿಗೆ ಇದು ಕಷ್ಟವೆ?

ಒಂದು ಸಂಗತಿ ತಿಳಿದ ದಿನ ನನಗೆ ನಗು ಬಂತು, ಸಿಟ್ಟೂ ಬಂತು. ಈ ಯಂತ್ರದ ಕಲ್ಪನೆಗೆ ವಿಲಿಯಂ ನ್ಯೂಬೆರಿ ಎಂಬಾತ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು ಸುಮಾರು ನಲವತ್ತು ವರ್ಷವಾದರೂ ಅದು ಕೆಲಸಕ್ಕೆ ಬಂದಿರಲಿಲ್ಲ. ಕಾರಣ, ಪಟ್ಟಿಯ ಎರಡು ತುದಿ ಸೇರಿಸಿದ ಬೆಸುಗೆ ಚಕ್ರದ ಮೇಲೆ ಬಾಗಿ ಬಾಗಿ ಬಿಟ್ಟುಕೊಳ್ಳುತ್ತಿತ್ತು. ನಿಲ್ಲುವಂಥ ಬೆಸುಗೆಯ ವಿಧಾನ ಕಂಡುಹಿಡಿದು 1846ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವಳು ಆನ್ ಪೋಲಿನ್ ಕ್ರೆಪಿನ್ ಎಂಬ ಫ್ರೆಂಚ್ ಹೆಂಗಸು. ಆ ಹಕ್ಕನ್ನು ಕೊಂಡದ್ದು ಪ್ಯಾರಿಸ್ಸಿನ ಪೆರಿನ್ ಕಂಪನಿ. ಅವಳಿಗೂ ಯಾರಾದರೂ “ಯಜಮಾನರನ್ನು ಕಳಿಸಿ” ಎಂದಿದ್ದರೆ ನಮ್ಮೂರ ಅಂಗಡಿಯವನಿಗೆ ಮಾರಲು ಬ್ಲೇಡು ಎಲ್ಲಿಂದ ಬರುತ್ತಿತ್ತು?

“ಇಷ್ಟೆಲ್ಲ ಯಾಕೆ, ಗಂಡಸರಿಗೆ ಹೇಳಿದರೆ ಮಾಡಿಸಿಕೊಡುತ್ತಾರೆ” ಎನ್ನುತ್ತಾರೆ ನನ್ನ ಗೆಳತಿಯರು. ನನ್ನ ಜಗಳ ಅಂಗಡಿಯವನಿಗಿಂತ ಈ ಮಾತಿನ ಜೊತೆಗೇ ಹೆಚ್ಚು. ಮಿಕ್ಸಿ ಕೆಟ್ಟರೆ, ಪಂಪು ಕೆಟ್ಟರೆ, ಫ್ಯೂಸು ಹೋದರೆ “ನಮಗೆ ಗೊತ್ತಾಗೋಲ್ಲಪ್ಪ” ಎಂದು ಮೊದಲು ಹೇಳುವವರು ನಾವೇ. ಹಾಗೆ ಹೇಳುವುದು ಮರ್ಯಾದೆಯ ಲಕ್ಷಣವೆಂದು ನಮಗೆ ಕಲಿಸಿದ್ದಾರೆ. ಗೊತ್ತಿಲ್ಲ ಎನ್ನುವುದು ತಪ್ಪಲ್ಲ; ಗೊತ್ತಾಗೋಲ್ಲ ಎನ್ನುವುದು ತಪ್ಪು. ಎರಡಕ್ಕೂ ಇರುವ ಅಂತರ ನನಗೆ ತಿಳಿಯುವಷ್ಟರಲ್ಲಿ ಎರಡು ಹಲಗೆ ಹೋಗಿದ್ದವು.

ಮತ್ತೆ ಅದೇ ಅಂಗಡಿಗೆ ಹೋದೆ. ಚೀಟಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದೆ: ಉದ್ದ 93½, ಅಗಲ ಅರ್ಧ ಇಂಚು, ಇಂಚಿಗೆ ಮೂರು ಹಲ್ಲು, ಕೊಕ್ಕೆ ಹಲ್ಲು. “ಯಾರು ಬರೆದುಕೊಟ್ಟರು?” ಎಂದ. “ನಾನೇ” ಎಂದೆ. ಅವನಲ್ಲಿ ಇರಲಿಲ್ಲ, ತರಿಸಲು ವಾರ ಹಿಡಿಯಿತು. ಬಂದ ಮೇಲೆ ಬೆಸುಗೆಯ ಬೆನ್ನಿನ ಮೇಲೆ ಬೆರಳಾಡಿಸಿ, ಗಂಟಿಲ್ಲವೆಂದು ನೋಡಿಯೇ ದುಡ್ಡು ಕೊಟ್ಟೆ. ಮನೆಗೆ ಬಂದು ಹಾಕಿದರೆ ಹಲ್ಲಿನ ಮುಖ ಮೇಲಕ್ಕಿತ್ತು. ಗಾಬರಿಯಾಗಲಿಲ್ಲ. ರವಿಕೆಯನ್ನು ಮಗುಚಿದ ಹಾಗೆ ಬಳೆಯನ್ನು ಒಳಹೊರಗು ಮಾಡಿದೆ, ಮುಖ ಕೆಳಕ್ಕೆ ಬಂತು.

ಉಳಿದ ನಾಲ್ಕು ಹಲಗೆಗಳೂ ನೆಟ್ಟಗೆ ಸೀಳಿದವು. ಅರಿಸಿನದಂಥ ಹೊಟ್ಟು ಕೆಳಗೆ ಸುರಿಯುತ್ತಿತ್ತು. ಎಂದುಕೊಂಡದ್ದಕ್ಕಿಂತ ಪೆಟ್ಟಿಗೆ ಚಿಕ್ಕದಾಯಿತು. ಮರ ಅಷ್ಟೇ ಉಳಿದಿತ್ತು. ಸುಟ್ಟ ಎರಡನ್ನು ಬಚ್ಚಲೊಲೆಗೆ ಹಾಕಿಲ್ಲ, ಶೆಡ್ಡಿನ ಗೋಡೆಗೆ ಒರಗಿಸಿದ್ದೇನೆ. ನನ್ನ ಮಗಳು ಒಂದು ದಿನ ಅಂಗಡಿಗೆ ಹೊರಟಾಗ ತೋರಿಸಲಿಕ್ಕೆ ಬೇಕು.