ಕುರಿಯ ಬಾಯಿ ಕಟ್ಟಿ, ಬೆಂಕಿಗೆ ಬೆಟ್ಟ ಬಿಟ್ಟವರು

ಶಿವರಾತ್ರಿ ಕಳೆದು ಮೊದಲ ಮಳೆ ಬೀಳುವವರೆಗೆ ನಮ್ಮ ಬೆಟ್ಟಗಳಿಗೆ ನೆಮ್ಮದಿಯಿಲ್ಲ. ಅರಸೀಕೆರೆಯ ಹಿರೇಕಲ್ಲು ಗುಡ್ಡದ ಕಡೆಯಿರಲಿ, ಹಳೇಬೀಡಿನ ಸುತ್ತಣ ಬೋಳುಗುಡ್ಡಗಳಿರಲಿ, ಬೇಲೂರಿನ ಪಡುವಣ ಬೆಟ್ಟಸಾಲಿರಲಿ, ಎಲ್ಲೋ ಒಂದು ಕಡೆ ಹೊಗೆ ಎದ್ದೇ ಏಳುತ್ತದೆ. ಮರುದಿನ ಸಿದ್ಧವಾದ ವಿವರಣೆಯೂ ಬರುತ್ತದೆ: ಕಿಡಿಗೇಡಿಗಳ ಕೃತ್ಯ, ಇಲ್ಲವೇ ಕುರಿ ಕಾಯುವವರ ಕೈವಾಡ. ಕಿಡಿ ಹಚ್ಚಿದವರು ಯಾರೆಂಬುದು ಪೊಲೀಸರ ಪ್ರಶ್ನೆ. ಸೊಂಟದೆತ್ತರ ಒಣಹುಲ್ಲನ್ನು ಬೆಟ್ಟದ ಮೇಲೆ ಉಳಿಸಿದವರು ಯಾರೆಂಬುದು ನಮ್ಮ ಪ್ರಶ್ನೆ. ಅದನ್ನು ಮಾತ್ರ ಯಾರೂ ಕೇಳುತ್ತಿಲ್ಲ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಅದು ಅಕ್ಷಮ್ಯ ಅಪರಾಧ. ಆದರೆ ಮರುತಿಂಗಳೇ ರಾಜ್ಯದ ಅರಣ್ಯ ಸಚಿವರು ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನು ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಹುಲಿಧಾಮದ ದಟ್ಟಡವಿಗೆ ಬೇಕಾದ ಕಟ್ಟುಪಾಡು ಬೇರೆ, ಅರಸೀಕೆರೆಯ ಕುರುಚಲು ಗುಡ್ಡಕ್ಕೆ ಬೇಕಾದ ನಿರ್ವಹಣೆ ಬೇರೆ. ಎಲ್ಲ ರೋಗಕ್ಕೂ ಒಂದೇ ಮದ್ದು ಅರೆಯುವವನನ್ನು ನಾವು ವೈದ್ಯನೆನ್ನುವುದಿಲ್ಲ.

ನಾನು ಕೃಷಿ ವಿಜ್ಞಾನ ಓದಿದವನು, ಲೆಕ್ಕದಿಂದಲೇ ಮಾತನಾಡುತ್ತೇನೆ. ಬೆಂಕಿಗೆ ಗಾಳಿ, ಶಾಖ, ಉರಿಯುವ ವಸ್ತು ಮೂರೂ ಬೇಕು. ಮಾಘ ಮಾಸದ ಗಾಳಿಯನ್ನಾಗಲಿ ಬಿಸಿಲನ್ನಾಗಲಿ ನಾವು ತಡೆಯಲಾರೆವು. ನಮ್ಮ ಕೈಯಲ್ಲಿರುವುದು ಹುಲ್ಲು ಮಾತ್ರ. 25 ಕಿಲೋ ತೂಗುವ ಕುರಿ ತನ್ನ ತೂಕದ ಶೇಕಡಾ 3ರಷ್ಟು, ಅಂದರೆ ದಿನಕ್ಕೆ ಸುಮಾರು 750 ಗ್ರಾಂ ಒಣಮೇವಿನ ಪ್ರಮಾಣವನ್ನು ತಿನ್ನುತ್ತದೆ. ನೂರು ಕುರಿಗಳ ಮಂದೆ ಎರಡು ತಿಂಗಳಲ್ಲಿ ನಾಲ್ಕೂವರೆ ಟನ್ ಮೇಯುತ್ತದೆ. ಹೆಕ್ಟೇರಿಗೆ ಎರಡು ಟನ್ ಹುಲ್ಲು ಎಂದು ಹಿಡಿದು ಅದರಲ್ಲಿ ಅರ್ಧವನ್ನು ಮೇಯಿಸಿದರೆ ನಾಲ್ಕೂವರೆ ಹೆಕ್ಟೇರಾಯಿತು. ಅದನ್ನು 30 ಮೀಟರ್ ಅಗಲದ ಪಟ್ಟಿಯಾಗಿ ಎಳೆದರೆ ಒಂದೂವರೆ ಕಿಲೋಮೀಟರ್ ಉದ್ದದ ಬೆಂಕಿ ರೇಖೆ! ಇಡೀ ಬೆಟ್ಟವನ್ನು ಮೇಯಿಸಬೇಕಿಲ್ಲ. ಪಟ್ಟಿಯಲ್ಲಿ ಹುಲ್ಲು ಅರ್ಧಕ್ಕಿಳಿದರೆ ಜ್ವಾಲೆಯ ಬಿಸಿಯೂ ಎತ್ತರವೂ ಇಳಿಯುತ್ತವೆ. ಹಸಿಸೊಪ್ಪು ಹಿಡಿದ ನಾಲ್ಕು ಜನ ಅದನ್ನು ಬಡಿದು ಆರಿಸಬಲ್ಲರು. ನಮ್ಮೂರ ಹಿಂದಿನ ಗುಡ್ಡಕ್ಕೆ ಬೆಂಕಿ ಬಿದ್ದಾಗ ಅದು ನಿಂತದ್ದು ಕುರಿಗಳು ದಿನವೂ ಹತ್ತಿಳಿಯುತ್ತಿದ್ದ ದಾರಿಯ ಅಂಚಿನಲ್ಲಿ. ಆ ಕರಿಯ ಗೆರೆಯನ್ನು ಕಣ್ಣಾರೆ ಕಂಡವನು ನಾನು.

ಈ ನಾಡಿಗೆ ಮೇವುಗಾರಿಕೆ ನಿನ್ನೆ ಮೊನ್ನೆ ಬಂದುದಲ್ಲ. ತುರುಗೊಳ್ ಕಾಳಗಗಳಲ್ಲಿ ಮಡಿದವರ ವೀರಗಲ್ಲುಗಳು ನಮ್ಮ ಊರುಗಳ ಮುಂದೆ ಇಂದಿಗೂ ನಿಂತಿವೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ಕಾವಲುಗಳು ದನಗಳ ಮೇವಿನಿಂದಲೇ ಹುಲ್ಲುಗಾವಲುಗಳಾಗಿ ಉಳಿದವು. ಕುರುಬರ, ಗೊಲ್ಲರ ಹಟ್ಟಿಗಳು ಬಾಳಿದ್ದು ಇಂಥ ಬಯಲುಗಳ ಆಸರೆಯಲ್ಲೇ. ಮುಂದೆ ಏನಾಯಿತು? ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಗೋಮಾಳಗಳ ಮೇಲೆ ನೀಲಗಿರಿ, ಅಕೇಶಿಯಾ ನೆಟ್ಟೆವು. ಅವುಗಳ ತರಗೆಲೆಯನ್ನು ಯಾವ ಪ್ರಾಣಿಯೂ ತಿನ್ನದು. ಬೆಂಕಿ ಮಾತ್ರ ತಿನ್ನುತ್ತದೆ. ಸುಟ್ಟ ಇಳಿಜಾರಿನ ಬೂದಿಯೂ ಮೇಲ್ಮಣ್ಣೂ ಮೊದಲ ಮುಂಗಾರಿಗೆ ನಮ್ಮ ಕೆರೆಗಳ ಹೂಳಾಗುತ್ತವೆ.

ಎದುರುವಾದವನ್ನು ನಾನು ಮುಚ್ಚಿಡುವುದಿಲ್ಲ. ಮೇಕೆ ಎಳೆಯ ಸಸಿಯನ್ನು ಚಿವುಟುತ್ತದೆ, ನಿಜ. ಕಾರೆ, ಎಲಚಿ, ಜಾಲಿಯ ಪೊದೆಗಳಿರುವ ಅಂಚಿಗೆ ಮೇಕೆಯನ್ನು ಬಿಡಬೇಕು. ಸಸಿ ಚಿಗುರುವ ಕಡೆಗೂ ಶೋಲಾ ಕಾಡಿಗೂ ಬಿಡಕೂಡದು. ಲಂಟಾನಕ್ಕೆ ಕುರಿ, ಮೇಕೆ ಪರಿಹಾರವಲ್ಲ. ಅದರ ಎಲೆ ಯಕೃತ್ತನ್ನು ಕೆಡಿಸುವ ವಿಷ, ಅದನ್ನು ಬೇರುಸಹಿತ ಕೀಳಲೇಬೇಕು. ಬಲಿತ ಕಾಚಿಹುಲ್ಲನ್ನು ಕುರಿ ಮೂಸಿ ಬಿಡುತ್ತದೆ, ಎಳೆಯದಿದ್ದಾಗಲೇ ಮೇಯಿಸಬೇಕು. ಹೊಸ ಚಿಗುರಿನ ಆಸೆಗೆ ಬೆಂಕಿ ಹಚ್ಚುವ ಕುರಿಗಾಹಿಗಳು ಇರುವುದೂ ಸುಳ್ಳಲ್ಲ. ಆದರೆ ಮೇಯಲು ಹಕ್ಕಿದ್ದವನು ಹುಲ್ಲನ್ನು ಕಾಯುತ್ತಾನೆ; ಕಳ್ಳನಂತೆ ನುಸುಳಬೇಕಾದವನಿಗೆ ನಾಳೆಯ ಹುಲ್ಲಿನ ಹಂಗಿಲ್ಲ. ಹೊರಗಟ್ಟುವುದರಿಂದ ಬೆಂಕಿ ಇಡುವವರು ಹೆಚ್ಚುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ.

ನಿಷೇಧದ ಫಲವನ್ನು ದೇಶ ಒಮ್ಮೆ ಕಂಡಿದೆ. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ, ದನ ಮೇಯಿಸುವುದನ್ನು ನಿಲ್ಲಿಸಲಾಯಿತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋದವು. ಬಳಿಕ ಮೇಯುವವರಿಲ್ಲದೆ ಹುಲ್ಲು ಬೆಳೆದು ಜೌಗನ್ನೇ ಉಸಿರುಗಟ್ಟಿಸಿತು. ಹಕ್ಕಿಗಳ ನೆಲೆಗೆ ಎಮ್ಮೆಯ ಮೇವು ಉಪಕಾರಿಯಾಗಿತ್ತೆಂಬುದನ್ನು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಧ್ಯಯನವೇ ತೋರಿಸಿತು. ಅತ್ತ ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದಲ್ಲಿ ಬೆಂಕಿ ರೇಖೆಗಳನ್ನು ಮೇಯಿಸಿ ಬೋಳಾಗಿಡಲು ಸರ್ಕಾರವೇ ಕುರಿಗಾಹಿಗಳಿಗೆ ಹಣ ಕೊಡುತ್ತದೆ. ಅಲ್ಲಿ ಕೂಲಿ, ಇಲ್ಲಿ ದಂಡ! ಕುರಿ ಒಂದೇ, ಹುಲ್ಲಿನ ಗುಣವೂ ಒಂದೇ. ಬೇರೆಯಾಗಿರುವುದು ಆಳುವವರ ಕಣ್ಣು.

ಮೇವು ಭಿಕ್ಷೆಯೂ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಸೆಕ್ಷನ್, ನೆಲೆನಿಂತವರಿಗೂ ಅಲೆಮಾರಿ ಪಶುಪಾಲಕರಿಗೂ ಮೇಯಿಸುವ ಹಕ್ಕನ್ನು ಹೆಸರಿಸಿ ಹೇಳಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನು ನೆಚ್ಚಿ ಬಾಳಿದ್ದನ್ನು ತೋರಿಸಬೇಕು. ಇದಕ್ಕೆ ಹಿರಿಯರ ಹೇಳಿಕೆಯೂ ಸಾಕ್ಷ್ಯವಾಗುತ್ತದೆ. ಆ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರೊಂದಿಗೆ ನಮ್ಮ ದಾಖಲೆಯೂ ಮಣ್ಣಾಗುತ್ತಿದೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಬೆಂಕಿ ರೇಖೆಗಳನ್ನು ಗ್ರಾಮಸಭೆಯೂ ಅರಣ್ಯ ಇಲಾಖೆಯೂ ಒಟ್ಟಾಗಿ ಗುರುತಿಸಲಿ. ಹುಲ್ಲು ಬೀಜ ಉದುರಿಸಿದ ಮೇಲೆ, ಪೂರ್ತಿ ಒಣಗುವ ಮುನ್ನ, ಕಾರ್ತಿಕದಿಂದ ಪುಷ್ಯದವರೆಗೆ ಗೊತ್ತಾದ ಪಟ್ಟಿಯಲ್ಲಿ ಗೊತ್ತಾದ ಸಂಖ್ಯೆಯ ಕುರಿಗಳನ್ನು ಮೇಯಿಸಲಿ. ಕಾಡಿಗೆ ಹೋಗುವ ಮುನ್ನ ಪ್ರತಿ ಮಂದೆಗೂ ಲಸಿಕೆಯಾಗಲಿ. ಕಾಡುಪ್ರಾಣಿಗೆ ರೋಗ ಹಬ್ಬಬಾರದು. ಈ ಕೆಲಸಕ್ಕೆ ಕುರಿಗಾಹಿಗೆ ಕೂಲಿ ಸಲ್ಲಲಿ. ಬೇಸಿಗೆಯ ಬೆಂಕಿ ಕಾವಲಿಗೂ ಅವನನ್ನೇ ನೇಮಿಸಲಿ. ಬೆಟ್ಟದ ಯಾವ ಕೊರಕಲಿನಲ್ಲಿ ಗಾಳಿ ತಿರುಗುತ್ತದೆಂಬುದು ಅವನಿಗಿಂತ ಬಲ್ಲವರು ಯಾರಿದ್ದಾರೆ?

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ನಿಮ್ಮೂರ ಹಟ್ಟಿಗೆ ಹೋಗಿ. ಅಜ್ಜಂದಿರು ಮಂದೆ ಹೊಡೆದ ದಾರಿಗಳನ್ನು ಕೇಳಿ ಬರೆದುಕೊಳ್ಳಿ, ನಕ್ಷೆಯಲ್ಲಿ ಗುರುತಿಸಿ. ಹಳ್ಳಿಯ ಬಂಧುಗಳೇ, ಅದನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ಬರೆಸಿ. ಮುಂದಿನ ಶಿವರಾತ್ರಿಗೂ ಹುಲ್ಲು ಒಣಗಿಯೇ ಇರುತ್ತದೆ. ಅದು ಕುರಿಯ ಹೊಟ್ಟೆ ಸೇರಿ ನಮ್ಮ ಹೊಲಕ್ಕೆ ಗೊಬ್ಬರವಾಗಬೇಕೋ, ಬೆಂಕಿಯ ಹೊಟ್ಟೆ ಸೇರಿ ನಮ್ಮ ಕೆರೆಗೆ ಬೂದಿಯಾಗಬೇಕೋ ಎಂಬುದನ್ನು ಈ ಮಳೆಗಾಲ ಮುಗಿಯುವುದರೊಳಗೆ ನಾವೇ ತೀರ್ಮಾನಿಸಬೇಕು.