ತಂತಿಯ ಎರಡು ತುದಿಗಳು

ಒಂದು ಕಾಲಕ್ಕೆ ಬೈಲಹೊಂಗಲದ ಹತ್ತಿಯ ಪೇಟೆಯಲ್ಲೂ ಸವದತ್ತಿಯ ಕಚೇರಿಗಳಲ್ಲೂ ಗಂಟೆ ಬಾರಿಸುತ್ತಿದ್ದ ಕರಿಯ ದೂರವಾಣಿಯ ತವರು, 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ದೂರದ ದನಿಯನ್ನು ಹತ್ತಿರಕ್ಕೆ ತರುವ ಆ ಯಂತ್ರವನ್ನು ನಿರ್ಮಿಸಿದ ಕೈಗಳಿಗೆ ತಮ್ಮ ದನಿಯನ್ನು ದಿಲ್ಲಿಗೆ ಮುಟ್ಟಿಸುವುದು ಮಾತ್ರ ಸುಲಭವಾಗಿರಲಿಲ್ಲ. ಆ ಕಾರಖಾನೆಯ ನೌಕರರೂ ಕಾರ್ಮಿಕ ಸಂಘದ ಮುಂದಾಳುವೂ ಆಗಿದ್ದು, ಶಾಸಕರೂ ಆದ ಮೈಕೆಲ್ ಫರ್ನಾಂಡಿಸರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯನ್ನು ಕಂಡರು. 1977ರಲ್ಲಿ ಗಾಳಿ ತಿರುಗಿತು. ಅವರ ಅಣ್ಣ ಜಾರ್ಜರು ಸೆರೆಯಿಂದಲೇ ಚುನಾವಣೆ ಗೆದ್ದು, ಕೆಲಕಾಲ ಸಂಪರ್ಕ ಖಾತೆಯ ಸಚಿವರಾದರು. ತಮ್ಮ ದುಡಿದ ಕಾರಖಾನೆ ಅದೇ ಖಾತೆಗೆ ಸೇರಿದ್ದು!

ಗಂಟೆ ಎಷ್ಟು ಬಾರಿಸಿದರೇನು? ಆಚೆಯ ತುದಿಯಲ್ಲಿ ಎತ್ತಿಕೊಳ್ಳುವವರಿರಬೇಕು. ಅಂದು ಆ ತುದಿಯಲ್ಲಿ ಕುಳಿತವರಿಗೆ ಈ ತುದಿಯ ಬವಣೆ ಮನೆಯ ಮಾತೇ ಆಗಿತ್ತು.